ಸಹವೈದ್ಯರ ಮಾತಿಗೆ ಕಿವಿಯಾಗಲು ಬರುವವರಿಗೆ

ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ರಾತ್ರಿ ಎರಡಕ್ಕೆ ತಾಯಿ ತೀರಿಕೊಳ್ಳುತ್ತಾಳೆ. ಹೊರಗೆ ಸಂಬಂಧಿಕರ ಕೂಗಾಟ. ಒಳಗೆ ಕೇಸ್ ಶೀಟ್ ಬರೆದು ಮುಗಿಸಬೇಕು, ತಾಯಿಮರಣದ ಆಡಿಟ್‌ಗೆ (ಸಾವು ಹೇಗಾಯಿತೆಂಬ ಪರಿಶೀಲನೆಗೆ) ಕಾಗದ ಹೊಂದಿಸಬೇಕು. ಬೆಳಿಗ್ಗೆ ಒಂಬತ್ತಕ್ಕೆ ಅದೇ ಡಾಕ್ಟರ್ ಮತ್ತೆ ಒಪಿಡಿಯಲ್ಲಿ ಕೂತಿರುತ್ತಾರೆ. ಕೇಸ್ ಏನಾಯಿತು ಎಂದು ಹತ್ತು ಜನ ಕೇಳುತ್ತಾರೆ, ನೀವು ಹೇಗಿದ್ದೀರಿ ಎಂದು ಕೇಳುವವರಿಲ್ಲ. ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ ವೈದ್ಯರನ್ನು ಘಟನೆಯ ‘ಎರಡನೆಯ ಸಂತ್ರಸ್ತ’ ಎಂದು ಕರೆದರು. ಅವರ ಪಕ್ಕದಲ್ಲಿ ಕೂರುವ ಕೆಲಸಕ್ಕೆ ಸ್ವಯಂಸೇವಕರಾಗಿ ಬರುವವರಿಗಾಗಿ ಈ ಬರಹ.

ಮೊದಲು ಒಂದು ವಿಷಯ ಸ್ಪಷ್ಟವಿರಲಿ. ನೀವು ಅಲ್ಲಿ ಚಿಕಿತ್ಸೆ ಕೊಡುವವರಲ್ಲ, ತಪ್ಪು–ಸರಿ ಅಳೆಯುವವರೂ ಅಲ್ಲ. ಆ ಕೆಲಸದ ಒಳಹೊರಗು ಗೊತ್ತಿರುವ, ಬಾಯಿ ಬಿಡದ ಒಬ್ಬ ಸಹೋದ್ಯೋಗಿ, ಅಷ್ಟೇ.

ಯಾರು ಬರಬಹುದು

ಹೌಸ್ ಸರ್ಜನ್‌ಶಿಪ್ (ಎಂಬಿಬಿಎಸ್ ಕೊನೆಯ ಆಸ್ಪತ್ರೆ ತರಬೇತಿ) ಮುಗಿಸಿ ಎರಡು ಮೂರು ವರ್ಷ ಡ್ಯೂಟಿ ಮಾಡಿದ ಯಾರಾದರೂ ಸರಿ. ಸೈಕಿಯಾಟ್ರಿ ಓದಿರಬೇಕೆಂದಿಲ್ಲ. ಆದರೆ ಎಚ್‌ಒಡಿ (ವಿಭಾಗ ಮುಖ್ಯಸ್ಥರು), ಯೂನಿಟ್ ಚೀಫ್, ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಗೈಡ್, ಸೂಪರಿಂಟೆಂಡೆಂಟ್ ಇವರು ತಮ್ಮದೇ ಸಂಸ್ಥೆಯಲ್ಲಿ ಈ ಕೆಲಸಕ್ಕೆ ನಿಲ್ಲಬಾರದು. ರಜೆಗೆ, ಥೀಸಿಸ್‌ಗೆ, ಇಂಟರ್ನಲ್ ಮಾರ್ಕ್ಸ್‌ಗೆ ಸಹಿ ಹಾಕುವ ಕೈಗೆ ಯಾವ ಪಿಜಿಯೂ ಮನಸ್ಸು ಬಿಚ್ಚಿ ಕೊಡುವುದಿಲ್ಲ, ಆ ಕೈ ಎಷ್ಟೇ ಒಳ್ಳೆಯದಿರಲಿ. ನಿಮ್ಮದೇ ಕೈಯಲ್ಲಿ ಇತ್ತೀಚೆಗೆ ರೋಗಿಯೊಬ್ಬರು ಹೋಗಿ ಅದಿನ್ನೂ ನಿದ್ದೆ ಕೆಡಿಸುತ್ತಿದ್ದರೆ ಆರು ತಿಂಗಳು ತಡೆಯಿರಿ.

ನೂರು ವೈದ್ಯರಿರುವ ಆಸ್ಪತ್ರೆಗೆ ಆರರಿಂದ ಎಂಟು ಮಂದಿ ಬೇಕು, ಬೇರೆ ಬೇರೆ ವಿಭಾಗದವರು, ಹೆಣ್ಣುಮಕ್ಕಳೂ ಇರಬೇಕು. ಸರ್ಜರಿಯವರಿಗೆ ಸರ್ಜರಿಯವರನ್ನೇ ಕಳಿಸಬೇಡಿ. ಒಂದೇ ವಿಭಾಗದೊಳಗೆ ಯಾವ ಗುಟ್ಟೂ ಉಳಿಯುವುದಿಲ್ಲ. ಮೇಲ್ವಿಚಾರಣೆಗೆ ಒಬ್ಬ ಮನೋವೈದ್ಯರು ಬೇಕು, ಅವರು ಹೊರಗಿನ ಸಂಸ್ಥೆಯವರಾಗಿದ್ದರೆ ಒಳ್ಳೆಯದು.

ಶುರು ಮಾಡುವ ಮುಂಚೆ ಆಡಳಿತದಿಂದ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಯಾರು ಬಂದರು ಎಂದು ಕೇಳುವುದಿಲ್ಲ, ಒಳಗಿನ ವಿಚಾರಣೆಗೆ ಸ್ವಯಂಸೇವಕರನ್ನು ಸಾಕ್ಷಿಯಾಗಿ ಕರೆಯುವುದಿಲ್ಲ, ಬಡ್ತಿ ಅಥವಾ ಮೌಲ್ಯಮಾಪನದಲ್ಲಿ ಇದನ್ನು ಎತ್ತುವುದಿಲ್ಲ ಎಂಬ ಮೂರು ಮಾತು ಅದರಲ್ಲಿರಲಿ. ಬಾಯಿಮಾತಿನ ಭರವಸೆ ಮುಂದಿನ ಸೂಪರಿಂಟೆಂಡೆಂಟ್ ಬರುವವರೆಗೆ ಮಾತ್ರ ನಡೆಯುತ್ತದೆ.

ಗುಟ್ಟು ಎಂದರೆ ಎಷ್ಟು ಗುಟ್ಟು

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಹಾಗಾಗಿ ಕಾನೂನಿನಲ್ಲಿ ನಿಮಗೆ ಯಾವ ರಕ್ಷೆ ಇದೆ, ಯಾವುದು ಇಲ್ಲ ಎಂಬುದು ಗೊತ್ತಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯ ಹಕ್ಕು ಕೊಡುತ್ತದೆ, ಆದರೆ ಅದು ಚಿಕಿತ್ಸೆಗೆ ಸಂಬಂಧಿಸಿದ್ದು. ನಿಮ್ಮ ಮಾತುಕತೆ ಚಿಕಿತ್ಸೆಯಲ್ಲ. ವಕೀಲ–ಕಕ್ಷಿದಾರರ ನಡುವಿನ ಮಾತಿಗೆ ನ್ಯಾಯಾಲಯದಲ್ಲಿ ಇರುವ ರಕ್ಷಣೆ ವೈದ್ಯ–ವೈದ್ಯರ ನಡುವಿನ ಮಾತಿಗಿಲ್ಲ. ನಾಳೆ ಕೇಸಾದರೆ ಕೋರ್ಟು ನಿಮ್ಮನ್ನು ಕರೆಯಬಹುದು.

ಅದಕ್ಕೇ ಕೇಸಿನ ವಿವರ ಕೇಳಬೇಡಿ. ಎಷ್ಟು ಯೂನಿಟ್ ರಕ್ತ, ಎಷ್ಟು ಗಂಟೆಗೆ ರೆಫರ್, ಯಾರು ಕರೆ ಎತ್ತಲಿಲ್ಲ, ಇದ್ಯಾವುದೂ ನಿಮಗೆ ಬೇಡ. ಅವರಾಗಿಯೇ ಶುರು ಮಾಡಿದರೆ ಮೆಲ್ಲಗೆ ತಡೆಯಿರಿ: “ಅದು ಆಡಿಟ್‌ಗೆ ಇರಲಿ. ಆಗ ನಿಮಗೆ ಏನನ್ನಿಸ್ತು, ಅದನ್ನ ಹೇಳಿ.”

ಮಾತಿಗೆ ಕೂತ ಮೊದಲ ಎರಡು ನಿಮಿಷದಲ್ಲೇ ಮಿತಿ ಹೇಳಿಬಿಡಬೇಕು, ಅವರು ಏನನ್ನೂ ಹೇಳುವ ಮುಂಚೆ. “ಇಲ್ಲಿ ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಮೂರು ಸಂದರ್ಭದಲ್ಲಿ ಮಾತ್ರ ಇನ್ನೊಬ್ಬರನ್ನ ಕರೀಬೇಕಾಗುತ್ತೆ. ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದ್ರೆ, ನಿಮ್ಮ ಸ್ಥಿತಿಯಿಂದ ರೋಗಿಗಳಿಗೆ ಅಪಾಯ ಅನ್ನಿಸಿದ್ರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಬಂದ್ರೆ. ಆಗಲೂ ಮೊದಲು ನಿಮಗೆ ಹೇಳಿಯೇ ಕರೀತೀನಿ.” ಮೂರನೆಯದರಲ್ಲಿ ನಿಮಗೆ ಆಯ್ಕೆಯೇ ಇಲ್ಲ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ವರದಿ ಮಾಡುವುದು ಕಡ್ಡಾಯ. ಇವನ್ನೆಲ್ಲ ಬಿಟ್ಟು ‘ಯಾರಿಗೂ ಹೇಳಲ್ಲ, ಆಣೆ’ ಎಂದುಬಿಟ್ಟರೆ ಬೇಕಾದಾಗ ಮಾತು ಮುರಿಯಬೇಕಾಗುತ್ತದೆ. ಒಮ್ಮೆ ಮುರಿದರೆ ಆ ಆಸ್ಪತ್ರೆಯಲ್ಲಿ ಇನ್ಯಾರೂ ನಿಮ್ಮ ಹತ್ತಿರ ಬರುವುದಿಲ್ಲ.

ಗುಟ್ಟು ಸೋರುವುದು ಹೆಚ್ಚಾಗಿ ದುರುದ್ದೇಶದಿಂದಲ್ಲ, ಅಭ್ಯಾಸದಿಂದ. ಸ್ವಯಂಸೇವಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಪೀಡಿಯಾಟ್ರಿಕ್ಸ್ ಸೆಕೆಂಡ್ ಇಯರ್ ಒಬ್ಬರ ಜೊತೆ ಮಾತಾಡಿದೆ’ ಎಂದು ಹಾಕಿದರೆ ಸಾಕು. ಆ ವರ್ಷದಲ್ಲಿ ಇರುವುದೇ ನಾಲ್ಕು ಜನ. ಕ್ಯಾಂಟೀನಿನಲ್ಲಿ ಎದುರಾದಾಗ ‘ಈಗ ಹೇಗನ್ನಿಸ್ತಿದೆ?’ ಎಂದು ದನಿ ತಗ್ಗಿಸಿ ಕೇಳುವುದು, ರೂಮ್‌ಮೇಟ್ ಹತ್ತಿರ ವಿಚಾರಿಸುವುದು, ಮನೆಯಲ್ಲಿ ಡಾಕ್ಟರೇ ಆದ ಗಂಡನಿಗೋ ಹೆಂಡತಿಗೋ ಹೆಸರು ಬಿಟ್ಟು ಕಥೆ ಹೇಳುವುದು, ಇವೆಲ್ಲ ಸೋರುವ ತೂತುಗಳೇ.

ದಾಖಲೆಗೆ ಒಂದೇ ಸಾಲು ಸಾಕು: ತಾರೀಖು, ಎಷ್ಟು ನಿಮಿಷ, ಮತ್ತೆ ಮಾತಾಡಬೇಕೇ, ಬೇರೆಲ್ಲಿಗಾದರೂ ಕಳಿಸಿದಿರೇ. ಹೆಸರು, ವಿಭಾಗ, ರೋಗಿಯ ಐಪಿ (ಒಳರೋಗಿ) ನಂಬರ್ ಯಾವುದೂ ಬೇಡ.

ಮೊದಲ ಕರೆ

ಕಷ್ಟದಲ್ಲಿರುವ ಡಾಕ್ಟರ್ ತಾವಾಗಿ ಫೋನ್ ಮಾಡುತ್ತಾರೆಂದು ಕಾಯಬೇಡಿ, ಮಾಡುವವರು ಕಡಿಮೆ. ಆಪರೇಷನ್ ಟೇಬಲ್ ಮೇಲಿನ ಸಾವು, ಹಲ್ಲೆ, ಲೀಗಲ್ ನೋಟಿಸ್, ಸಹಪಾಠಿಯ ಆತ್ಮಹತ್ಯೆ, ಇಂಥದ್ದು ನಡೆದ 24ರಿಂದ 48 ಗಂಟೆಯೊಳಗೆ ನೀವೇ ಮಾಡಿ. “ಡಾಕ್ಟ್ರೇ, ನಿನ್ನೆ ರಾತ್ರಿಯ ವಿಷಯ ಗೊತ್ತಾಯ್ತು. ಕೇಸ್ ಬಗ್ಗೆ ಕೇಳೋಕಲ್ಲ, ನಿಮ್ಮನ್ನ ವಿಚಾರಿಸೋಣ ಅಂತ ಮಾಡಿದೆ. ಈಗ ಮಾತಾಡೋಕೆ ಆಗುತ್ತಾ, ಡ್ಯೂಟಿ ಮುಗಿದ ಮೇಲೆ ಮಾಡ್ಲಾ?”

“ಪರವಾಗಿಲ್ಲ ಸರ್, ಚೆನ್ನಾಗಿದ್ದೀನಿ” ಎಂಬ ಉತ್ತರ ಬರುತ್ತದೆ. ಒತ್ತಾಯಿಸದೆ, ಮೂರು ದಿನ ಬಿಟ್ಟು ಮತ್ತೆ ಮಾಡುತ್ತೇನೆಂದು ಹೇಳಿ, ಮರೆಯದೆ ಮಾಡಿ. ಎರಡನೇ ಕರೆಗೆ ಮಾತು ಬಿಚ್ಚುವವರು ತುಂಬ ಮಂದಿ, ಏಕೆಂದರೆ ಮೊದಲನೆಯದು ಬರಿಯ ಉಪಚಾರದ ಮಾತಲ್ಲ ಎಂದು ಆಗ ಗೊತ್ತಾಗಿರುತ್ತದೆ. ಆಗಲೂ ಬೇಡವೆಂದರೆ ನಂಬರ್ ಕೊಟ್ಟು ಸುಮ್ಮನಾಗಿ.

ಕೂತು ಮಾತಾಡುವಾಗ

ಡ್ಯೂಟಿ ರೂಮ್ ಬೇಡ, ಸೈಕಿಯಾಟ್ರಿ ಒಪಿಡಿಯ ಮುಂದಂತೂ ಬೇಡವೇ ಬೇಡ. ಲೈಬ್ರರಿಯ ಹಿಂದಿನ ಕೋಣೆಯೋ, ಆಸ್ಪತ್ರೆಯ ಆಚೆ ಒಂದು ಸುತ್ತು ನಡಿಗೆಯೋ ಆಗಬಹುದು. ನಲವತ್ತು ನಿಮಿಷ ಸಾಕು, ನಿಮ್ಮ ಫೋನ್ ಸೈಲೆಂಟ್‌ನಲ್ಲಿರಲಿ, ಕಾಲ್ ಡ್ಯೂಟಿ ಇರುವ ದಿನ ಒಪ್ಪಿಕೊಳ್ಳಬೇಡಿ.

ಊಟ, ನಿದ್ದೆಯಿಂದ ಶುರು ಮಾಡಿ. “ಊಟ ಆಯ್ತಾ? ನಿನ್ನೆ ಎಷ್ಟು ಹೊತ್ತು ಮಲಗಿದ್ರಿ?” ನಮ್ಮಲ್ಲಿ ಊಟ ವಿಚಾರಿಸುವುದೇ ಕಾಳಜಿ, ಅದರಲ್ಲಿ ಸಂಕೋಚವಿಲ್ಲ. ಆಮೇಲೆ: “ಯಾವ ಗಳಿಗೆ ಪದೇ ಪದೇ ಕಣ್ಮುಂದೆ ಬರ್ತಿದೆ?” ಅವರು ಸುಮ್ಮನಾದರೆ ನೀವು ತುಂಬಲು ಹೋಗಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಒಪಿಡಿಯಲ್ಲಿ ಒಬ್ಬರಿಗೆ ಮೂರು ನಿಮಿಷ ಕೊಟ್ಟು ರೂಢಿಯಾದವರಿಗೆ ಈ ಹತ್ತು ಸೆಕೆಂಡು ಬಹಳ ಉದ್ದ, ಅಭ್ಯಾಸ ಮಾಡಿಕೊಳ್ಳಲೇಬೇಕು.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ‘ನಾನಾಗಿದ್ರೆ ಕಾರ್ಬೊಪ್ರಾಸ್ಟ್ ಇನ್ನೂ ಮುಂಚೆ ಕೊಡ್ತಿದ್ದೆ’ ಎಂದು ರಕ್ತಸ್ರಾವ ತಡೆಯುವ ಔಷಧಿಯ ಮಾತೆತ್ತಿದ ಕ್ಷಣ ನೀವು ಆಡಿಟ್ ಕಮಿಟಿಯಾದಿರಿ. ‘ನಮ್ಮ ಕಾಲದಲ್ಲಿ 48 ಗಂಟೆ ಡ್ಯೂಟಿ ಮಾಡ್ತಿದ್ವಿ’ ಎಂದರೆ ಅವರ ನೋವು ಸೋಮಾರಿತನವಾಯಿತು. ಪಿಜಿಗಳ ಕೆಲಸ ವಾರಕ್ಕೆ 74 ಗಂಟೆ ಮೀರಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿರುವಾಗ ಆ ಹಳೆಯ ಹೆಮ್ಮೆಗೆ ಇಲ್ಲಿ ಜಾಗವಿಲ್ಲ. ಮೂರನೆಯದು ಎಲ್ಲಕ್ಕಿಂತ ಒಳ್ಳೆಯ ಮನಸ್ಸಿನದು: ‘ನಿಮ್ಮ ತಪ್ಪೇನೂ ಇಲ್ಲ ಬಿಡಿ.’ ತಪ್ಪಿತ್ತೋ ಇಲ್ಲವೋ ನಿಮಗೆ ಗೊತ್ತಿಲ್ಲ, ಅವರು ಅದನ್ನು ನಂಬುವುದೂ ಇಲ್ಲ. ಬದಲಿಗೆ ಹೀಗೆ ಕೇಳಿ: “ಆ ಹೊತ್ತಿಗೆ ನಿಮಗೆ ಗೊತ್ತಿದ್ದದ್ದು ಯಾವುದು, ಆಮೇಲೆ ಗೊತ್ತಾಗಿದ್ದು ಯಾವುದು?” ಎರಡೂ ಬೇರೆ ಎಂದು ಅವರ ಬಾಯಲ್ಲೇ ಬಂದಾಗ ಉಸಿರು ಸ್ವಲ್ಪ ಸಡಿಲವಾಗುವುದು ಎದುರಿಗೇ ಕಾಣುತ್ತದೆ.

ನಿದ್ದೆಗೆಂದು ಆಲ್ಪ್ರಜೋಲಾಂನಂಥ ಮಾತ್ರೆ ಬರೆದುಕೊಡಬೇಡಿ, ಒಂದು ಸ್ಟ್ರಿಪ್ ಕೂಡ. ರಜೆ ಸರ್ಟಿಫಿಕೇಟೂ ನಿಮ್ಮ ಸಹಿಯಲ್ಲಿ ಬೇಡ. ನೋಟಿಸ್ ಬಂದಿದ್ದರೆ ಇಂಡೆಮ್ನಿಟಿ ವಿಮೆಯವರಿಗೆ (ವೈದ್ಯರ ಮೇಲಿನ ಪರಿಹಾರದ ದಾವೆಗಳಿಗೆ ಇರುವ ವಿಮೆ), ವಕೀಲರಿಗೆ ತಿಳಿಸಲು ಹೇಳಿ. ಕೇಸ್ ಶೀಟ್ ಒಂದಕ್ಷರವೂ ತಿದ್ದಬಾರದೆಂದು ಒತ್ತಿ ಹೇಳಿ. ರ‍್ಯಾಗಿಂಗ್, ಲೈಂಗಿಕ ಕಿರುಕುಳಕ್ಕೆ ಬೇರೆ ಸಮಿತಿಗಳಿವೆ. ಅವರು ಬಯಸಿದರೆ ಆ ಬಾಗಿಲವರೆಗೆ ಜೊತೆಗೆ ಹೋಗಿ, ದೂರು ನೀವು ಬರೆಯಬೇಡಿ.

ಸಾವಿನ ಯೋಚನೆ

ಸುತ್ತಿ ಬಳಸದೆ ಕೇಳಿ. “ಬದುಕಿರೋದೇ ಬೇಡ ಅನ್ನಿಸಿದೆಯಾ? ಸಾಯಬೇಕು ಅಂತ ಯೋಚನೆ ಬಂದಿದೆಯಾ? ಅದಕ್ಕೆ ಏನಾದ್ರೂ ಸಿದ್ಧತೆ ಮಾಡ್ಕೊಂಡಿದ್ದೀರಾ?” ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಕೇಳದಿದ್ದರೆ ಒಳಗೇ ಉಳಿಯುತ್ತದೆ. ಎರಡನೇ ಪ್ರಶ್ನೆಗೆ ಹೌದೆಂದರೆ ಮೇಲ್ವಿಚಾರಕ ಮನೋವೈದ್ಯರಿಗೆ ಅವತ್ತೇ ಫೋನ್ ಹೋಗಬೇಕು. ಮೂರನೆಯದಕ್ಕೂ ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ವೈದ್ಯರಿಗೆ ಔಷಧಿ ಕೈಗೆಟಕುವಷ್ಟು ಹತ್ತಿರವಿರುತ್ತದೆ, ಅಪಾಯ ಹೆಚ್ಚುವುದು ಅಲ್ಲೇ. ಕಪಾಟಿನ ಕೀ ಬೇರೆಯವರ ಕೈಗೆ ಹೋಗಲಿ, ಆ ರಾತ್ರಿಯ ಡ್ಯೂಟಿ ಬದಲಾಗಲಿ, ಮನೆಯವರಲ್ಲೋ ಸ್ನೇಹಿತರಲ್ಲೋ ಒಬ್ಬರು ಬರುವವರೆಗೆ ನೀವಿರಿ. ಯಾರೂ ಸಿಗದ ಹೊತ್ತಿನಲ್ಲಿ ಕ್ಯಾಶುಯಾಲ್ಟಿಗೆ ಜೊತೆಯಲ್ಲೇ ನಡೆಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ದಿನದ 24 ಗಂಟೆಯೂ ಕನ್ನಡದಲ್ಲಿ ಸಿಗುತ್ತದೆ.

‘ಪೊಲೀಸ್ ಕೇಸಾಗುತ್ತೆ’ ಎಂಬ ಭಯದಿಂದ ಬಾಯಿ ಮುಚ್ಚುವವರಿದ್ದಾರೆ. 2017ರ ಕಾಯ್ದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿರುವವರೆಂದೇ ಭಾವಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಇದನ್ನು ಹೇಳಿ.

ಆಮೇಲೆ

ಮೂರನೇ ದಿನ, ಎರಡು ವಾರಕ್ಕೆ, ಆರು ವಾರಕ್ಕೆ ಒಂದೊಂದು ಕರೆ. ಎರಡು ವಾರವಾದರೂ ನಿದ್ದೆ ಬಾರದೆ, ಆಪರೇಷನ್ ಥಿಯೇಟರಿಗೆ ಹೋಗಲು ಕೈ ನಡುಗುತ್ತಿದ್ದರೆ, ಕುಡಿತ ಹೆಚ್ಚಿದ್ದರೆ ಮನೋವೈದ್ಯರ ಹತ್ತಿರ ಕಳಿಸಬೇಕು. ತಾಲೂಕು ಆಸ್ಪತ್ರೆಯ ಒಂಟಿ ತಜ್ಞರಿಗೆ ಇದೇ ದೊಡ್ಡ ತೊಡಕು. ಜಿಲ್ಲೆಯ ಮನೋವೈದ್ಯರು ಪರಿಚಯದವರೇ, ಕಾರು ನಿಂತದ್ದು ಕಂಡರೂ ಊರಿಗೆಲ್ಲ ಸುದ್ದಿ. ಪಕ್ಕದ ಜಿಲ್ಲೆಯವರನ್ನೋ, ವಿಡಿಯೊ ಕರೆಯಲ್ಲಿ ನೋಡುವವರನ್ನೋ ಮೊದಲೇ ಗೊತ್ತುಮಾಡಿಟ್ಟುಕೊಂಡಿರಿ.

ಒಂದು ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಜನರನ್ನು ಹಿಡಿಯಬೇಡಿ. ತಿಂಗಳಿಗೊಮ್ಮೆ ಮೇಲ್ವಿಚಾರಕರ ಜೊತೆ ಒಂದು ಗಂಟೆ ಕೂತು ನಿಮ್ಮ ಮೇಲೇನಾಗುತ್ತಿದೆ ಎಂದು ಹೇಳಿಕೊಳ್ಳಿ, ಜೀವಾಪಾಯದ ಮಾತಿಲ್ಲದಿದ್ದರೆ ಅಲ್ಲೂ ಹೆಸರಿಲ್ಲದೆ. ವರ್ಷಕ್ಕೊಮ್ಮೆ ಎರಡು ತಿಂಗಳು ಪಟ್ಟಿಯಿಂದ ಹೊರಗಿರಿ.

ಎಲ್ಲ ಮುಗಿದ ಮೇಲೆ ಆ ಡಾಕ್ಟರ್ ಕಾರಿಡಾರಿನಲ್ಲಿ ನಿಮ್ಮನ್ನು ಕಂಡು ಮುಖ ತಿರುಗಿಸಬಹುದು. ಅವರು ಅತ್ತದ್ದನ್ನು ನೋಡಿದವರು ನೀವೊಬ್ಬರೇ. ಹಿಂದೆ ಹೋಗಬೇಡಿ, ಕರೆಯಬೇಡಿ. ನಮಸ್ಕಾರ ಹೇಳಿದರೆ ಎಲ್ಲರಿಗೂ ಹೇಳುವಂತೆ ನಮಸ್ಕಾರ ಹೇಳಿ, ನಿಮ್ಮ ವಾರ್ಡಿಗೆ ಹೋಗಿ.