ಶ್ರೀನಿವಾಸಪುರದ ಮಾವನ್ನು ಇನ್‌ಸ್ಟಾಗ್ರಾಂ ಮೂಲಕ ನೇರವಾಗಿ ಮಾರುವ ಬಗೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಮಾವಿನ ಕಟಾವು ಜೋರಾಗುವ ಹೊತ್ತಿಗೆ ರಾಮನಗರದ ಹಣ್ಣು ಬೆಂಗಳೂರಿನ ಅಂಗಡಿಗಳನ್ನು ಸೇರಿ ಕೆಲವು ವಾರಗಳೇ ಆಗಿರುತ್ತವೆ. ಹೀಗಾಗಿ ಹಣ್ಣು ಕೈಗೆ ಬಂದ ಮೇಲೆ ಇನ್‌ಸ್ಟಾಗ್ರಾಂ ಖಾತೆ ತೆರೆದು, ನಾಲ್ಕು ಚಿತ್ರ ಹಾಕಿ ಗಿರಾಕಿಗಳಿಗಾಗಿ ಕಾಯುವವರಿಗೆ ಆ ವರ್ಷ ಹೆಚ್ಚಿನ ಪ್ರಯೋಜನ ದೊರೆಯುವುದಿಲ್ಲ. ಮರ ಹೂ ಬಿಡುವ ಜನವರಿಯಲ್ಲೇ ಕೆಲಸ ಶುರುವಾಗಬೇಕು. ಹೂವು, ಮಿಡಿ, ಬಲಿತ ಕಾಯಿ ಎಂದು ತಿಂಗಳುಗಟ್ಟಲೆ ನೋಡುತ್ತ ಬಂದವರು ಮೇ ತಿಂಗಳಲ್ಲಿ ದರ ಕೇಳುವ ಮೊದಲೇ ನಿಮ್ಮ ತೋಟವನ್ನು ಬಲ್ಲವರಾಗಿರುತ್ತಾರೆ.

ಈ ದಾರಿ ಎಲ್ಲ ತಳಿಗಳಿಗೂ ಹೊಂದುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ತೋತಾಪುರಿ ಟನ್ನುಗಟ್ಟಲೆ ತಿರುಳಿನ ಕಾರ್ಖಾನೆಗಳಿಗೆ ಹೋಗುವ ಹಣ್ಣು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿಯನ್ನು ತಡೆದಾಗ ನಮ್ಮ ಬೆಳೆಗಾರರು ಪಟ್ಟ ಸಂಕಟಕ್ಕೆ ಮೊಬೈಲಿನಲ್ಲಿ ಪರಿಹಾರವಿರಲಿಲ್ಲ. ಮನೆಯವರು ಪೆಟ್ಟಿಗೆ ಲೆಕ್ಕದಲ್ಲಿ ಕೊಳ್ಳುವ ಬಾದಾಮಿ, ರಸಪುರಿ, ಮಲ್ಲಿಕಾ, ಬೇನಿಶಾ ಹಣ್ಣುಗಳಿಗೆ ಮಾತ್ರ ಇದು ನಿಜವಾಗಿ ಒದಗುತ್ತದೆ.

ಖಾತೆ ತೆರೆದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ವ್ಯವಹಾರದ ಖಾತೆಯಾಗಿ ಬದಲಿಸಿರಿ. ಇದಕ್ಕೆ ಹಣ ಕೊಡಬೇಕಿಲ್ಲ, ಯಾವ ಚಿತ್ರವನ್ನು ಎಷ್ಟು ಜನ ನೋಡಿದರು, ನಿಮ್ಮ ಖಾತೆಯನ್ನು ನೋಡುವವರು ಹೆಚ್ಚಾಗಿ ಯಾವ ಊರಿನವರು ಎಂಬುದೂ ತಿಳಿಯುತ್ತದೆ. ಹುಡುಕುವವರಿಗೆ ಸಿಗುವಂತೆ ಹೆಸರಿನ ಜಾಗದಲ್ಲಿ ತೋಟದ ಹೆಸರಿನ ಜೊತೆಗೆ ‘ಮಾವು, ಶ್ರೀನಿವಾಸಪುರ’ ಎಂದು ಸೇರಿಸಿರಿ. ಪರಿಚಯಕ್ಕೆ ಇರುವುದು 150 ಅಕ್ಷರಗಳು ಮಾತ್ರ. ಅಲ್ಲಿ ಶುಭಾಶಯ ಬರೆಯದೆ, ಬೆಳೆಯುವ ತಳಿ, ತಲುಪಿಸುವ ಊರುಗಳು ಮತ್ತು ವಾಟ್ಸ್‌ಆಪ್‌ಗೆ ಕರೆದೊಯ್ಯುವ ಕೊಂಡಿಯನ್ನು ಕೊಡಿರಿ.

ಹೆಚ್ಚಿನ ಶ್ರಮ ಹಾಕಬೇಕಾದದ್ದು ಚಿತ್ರಗಳಿಗೆ. ಹಣ್ಣನ್ನು ಮುಟ್ಟಿ, ಮೂಸಿ ನೋಡಲಾಗದ ಗಿರಾಕಿಯ ಮನಸ್ಸಿನಲ್ಲಿ ಗಾತ್ರ ಎಷ್ಟು, ಒಳಗೆ ಬಣ್ಣ ಹೇಗಿದೆ, ಮಾಗಿಸಿದ್ದು ಹೇಗೆ ಎಂಬ ಪ್ರಶ್ನೆಗಳು ಇದ್ದೇ ಇರುತ್ತವೆ. ಪ್ರತಿಯೊಂದಕ್ಕೂ ಒಂದು ಚಿತ್ರ ಉತ್ತರವಾಗಲಿ. ಹಣ್ಣನ್ನು ತಕ್ಕಡಿಯ ಮೇಲಿಟ್ಟು ತೂಕ ಕಾಣುವಂತೆ ಒಂದು, ಅಂಗೈಯಲ್ಲಿಟ್ಟು ಒಂದು, ಹೋಳು ಮಾಡಿ ಒಂದು ತೆಗೆದು, ಮೂರನ್ನೂ ಒಂದೇ ಪೋಸ್ಟ್‌ನಲ್ಲಿ ಸಾಲಾಗಿ ಹಾಕಿರಿ. ಬೆಳಗಿನ ಎಳೆ ಬಿಸಿಲಿನಲ್ಲಿ, ಮರದ ನೆರಳಿನ ಅಂಚಿನಲ್ಲಿ ತೆಗೆದರೆ ಬಣ್ಣ ಸಹಜವಾಗಿ ಬರುತ್ತದೆ. ಫಿಲ್ಟರ್ ಹಾಕಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಪೆಟ್ಟಿಗೆ ತೆರೆದಾಗ ಚಿತ್ರದಲ್ಲಿದ್ದ ಬಣ್ಣ ಕಾಣದಿದ್ದರೆ ಆ ಮನೆಯವರು ಮರುವರ್ಷ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ.

ಮಾಗಿಸುವ ವಿಷಯವನ್ನು ವಿಡಿಯೊದಲ್ಲೇ ತೋರಿಸಿರಿ. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದ್ದರೂ ಕೊಳ್ಳುವವರ ಭಯ ಹೋಗಿಲ್ಲ. ತೊಟ್ಟು ಉಳಿಸಿ ಕಾಯಿ ಕೊಯ್ಯುವುದು, ಸೊನೆ ಇಳಿಸುವುದು, ಹುಲ್ಲಿನಲ್ಲಿ ಜೋಡಿಸುವುದು, ಇವಿಷ್ಟನ್ನು ಮೊಬೈಲ್ ನೆಟ್ಟಗೆ ಹಿಡಿದು ಅರ್ಧ ನಿಮಿಷದ ರೀಲ್ ಮಾಡಿದರೆ ಸಾಕು. ಹಿನ್ನೆಲೆಗೆ ಸಿನಿಮಾ ಹಾಡು ಬೇಕಿಲ್ಲ. ವ್ಯವಹಾರದ ಖಾತೆಗಳಿಗೆ ಜನಪ್ರಿಯ ಹಾಡುಗಳು ಹೆಚ್ಚಾಗಿ ಸಿಗುವುದೂ ಇಲ್ಲ. ತೋಟದಲ್ಲಿ ಕೆಲಸ ಮಾಡುವವರ ಮಾತೇ ಕೇಳಿಸಲಿ, ಆದರೆ ಅವರ ಮುಖ ತೋರಿಸುವ ಮೊದಲು ಒಪ್ಪಿಗೆ ಪಡೆಯಿರಿ.

ಚಿತ್ರದ ಕೆಳಗೆ ಕನ್ನಡದಲ್ಲಿ ಬರೆದು, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಪರಭಾಷಿಕರಿಗಾಗಿ ಒಂದೆರಡು ಸಾಲು ಇಂಗ್ಲಿಷ್ ಸೇರಿಸಿರಿ. ಪೆಟ್ಟಿಗೆಯ ತೂಕ, ದರ, ಸಾಗಣೆ ವೆಚ್ಚ ಮೂರೂ ಎಲ್ಲರಿಗೂ ಕಾಣುವಂತಿರಲಿ. ದರ ಕೇಳಿದವರಿಗೆಲ್ಲ ಗುಟ್ಟಾಗಿ ಸಂದೇಶ ಕಳುಹಿಸುವ ರೂಢಿ ಅನುಮಾನಕ್ಕೆ ಎಡೆ ಮಾಡುತ್ತದೆ. ‘ಇಂದು ಕೊಯ್ದದ್ದು’, ‘ಉಳಿದ ಪೆಟ್ಟಿಗೆಗಳು’ ಎಂಬಂತಹ ಸುದ್ದಿಗೆ 24 ಗಂಟೆಗಳಲ್ಲಿ ಮರೆಯಾಗುವ ಸ್ಟೋರಿ ತಕ್ಕದ್ದು. ಕೊಳೆತ ಹಣ್ಣು ಬಂದರೆ ಏನು ಮಾಡುತ್ತೀರಿ ಎಂಬುದನ್ನು ಮಾತ್ರ, ಸ್ಟೋರಿಗಳನ್ನು ಖಾತೆಯಲ್ಲಿ ಉಳಿಸಿಡುವ ಹೈಲೈಟ್‌ನಲ್ಲಿ ಕಾಯಂ ಆಗಿ ಇಡಿರಿ.

ಹಣದ ವಿಷಯದಲ್ಲಿ ಎಚ್ಚರವಿರಲಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಒತ್ತಿರೆಂದು ಹೇಳುವವರು ಮೋಸಗಾರರು. ಪಾವತಿಯ ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕ್ ಖಾತೆ ನೋಡಿಯೇ ಪೆಟ್ಟಿಗೆ ಕಟ್ಟಿಸಿರಿ. ಹಣ ಕೊಟ್ಟು ಜಾಹೀರಾತು ಮಾಡುವುದಾದರೆ ಕಟಾವಿನ ವಾರಗಳಲ್ಲಿ, ನೀವು ತಲುಪಿಸಬಲ್ಲ ಊರುಗಳಿಗೆ ಮಾತ್ರ ಸೀಮಿತಗೊಳಿಸಿರಿ. ಮುಂದೆ ಉಪ್ಪಿನಕಾಯಿ ಮಾರುವ ಯೋಚನೆಯಿದ್ದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಅದರ 14 ಅಂಕಿಗಳ ಸಂಖ್ಯೆಯನ್ನು ಚೀಟಿಯ ಮೇಲೆ ಮುದ್ರಿಸಬೇಕಾಗುತ್ತದೆ.

ಕೊನೆಯ ಪೆಟ್ಟಿಗೆ ಹೋದ ದಿನವೇ ‘ಈ ವರ್ಷದ ಹಣ್ಣು ಮುಗಿಯಿತು’ ಎಂದು ಖಾತೆಯ ಮೇಲ್ಭಾಗದಲ್ಲಿ ಪಿನ್ ಮಾಡಿ, ಕೊಂಡವರ ದೂರವಾಣಿ ಸಂಖ್ಯೆಗಳನ್ನು ತಳಿಯ ಹೆಸರಿನೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿರಿ. ಕಟಾವಿನ ನಂತರ ಕೊಂಬೆ ಸವರುವ ಚಿತ್ರಗಳನ್ನೂ ಹಾಕುತ್ತಿರಿ.