ಪ್ರೊಜೆಕ್ಟರಿಗೊಂದು ಹಲಸಿನ ಕಪಾಟು

ಗೋಡೆಯ ಬುಡದಲ್ಲೇ ಇಟ್ಟು 100 ಇಂಚಿನ ಚಿತ್ರ ಮೂಡಿಸುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರೊಂದನ್ನು ಉಡುಪಿಯ ನಮ್ಮ ಮನೆಗೆ ತಂದಾಗ, ಅದನ್ನು ಇಡುವುದಕ್ಕೆ ಕಪಾಟು ನಾನೇ ಮಾಡಬೇಕಾದೀತೆಂದು ಎಣಿಸಿರಲಿಲ್ಲ. ಅಂಗಡಿಯಲ್ಲಿ ಸಿಗುವ ಟಿ.ವಿ. ಸ್ಟ್ಯಾಂಡುಗಳ ಅಗಲ 40 ಸೆಂ.ಮೀ. ಆಸುಪಾಸು ಮಾತ್ರ. ನನ್ನ ಯಂತ್ರದ ಮೈ 36 ಸೆಂ.ಮೀ., ಅದರ ಬೆನ್ನಿನಿಂದ ಪರದೆಗೆ ಬಿಡಬೇಕಾದ ಅಂತರ 24 ಸೆಂ.ಮೀ.; ಎರಡೂ ಸೇರಿದರೆ ಗೋಡೆಯಿಂದ 60 ಸೆಂ.ಮೀ. ಬೇಕು. ಈ ಬಗೆಯ ಪ್ರೊಜೆಕ್ಟರಿನ ಥ್ರೋ ಅನುಪಾತ, ಅಂದರೆ ಪರದೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ ಲೆಕ್ಕ, 0.25ರಷ್ಟಿರುವುದರಿಂದ ಯಂತ್ರ ಒಂದು ಸೆಂಟಿಮೀಟರ್ ಹಿಂದೆಮುಂದೆ ಸರಿದರೆ ಚಿತ್ರದ ಅಗಲ ನಾಲ್ಕು ಸೆಂಟಿಮೀಟರ್ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಹೀಗಾಗಿ ಅದನ್ನು ಜಾರುವ ಹಲಗೆಯ ಮೇಲಿಟ್ಟು, ಬೇಕಾದಾಗ ಎಳೆದುಕೊಳ್ಳುವ ಮೊದಲ ಯೋಚನೆಯನ್ನು ಬೇಗನೆ ಕೈಬಿಟ್ಟೆ.

ಹಿತ್ತಲಿನ ಹಲಸಿನ ಮರ ಬಿದ್ದಾಗ ಕೊಯ್ಯಿಸಿದ ಹಲಗೆಗಳು ಒಂಬತ್ತು ವರ್ಷಗಳಿಂದ ಅಟ್ಟದಲ್ಲಿ ಒಣಗುತ್ತಿದ್ದವು. ಹಲಸಿನ ನಾರು ಒಂದು ಪದರದಲ್ಲಿ ಬಲಕ್ಕೆ, ಮುಂದಿನ ಪದರದಲ್ಲಿ ಎಡಕ್ಕೆ ಹೊರಳಿಕೊಂಡಿರುವುದರಿಂದ ಕೀಸುಳಿ ಒಂದು ಕಡೆ ನುಣುಪಾಗಿ ಓಡಿ, ಒಂದು ಗೇಣು ದಾಟುವಷ್ಟರಲ್ಲಿ ಸಿಬಿರು ಕೀಳುತ್ತದೆ. ಅಲಗನ್ನು ದಿನಕ್ಕೆ ಮೂರು ನಾಲ್ಕು ಬಾರಿ ಮಸೆದು, ತೀರಾ ತೆಳ್ಳಗೆ ಕೀಸುವುದೊಂದೇ ನನಗೆ ಒಗ್ಗಿದ ದಾರಿ. ಮೂರು ಹಲಗೆಗಳನ್ನು ಅಂಟಿಸಿ 180 ಸೆಂ.ಮೀ. ಉದ್ದದ ಮೇಲ್ಹಲಗೆ ಮಾಡಿ, ಹಳದಿ ಮೈಗೆ ಪಾಲಿಶ್ ಹಚ್ಚಿ ಮಾರ್ಚ್ ತಿಂಗಳಲ್ಲಿ ಕೆಲಸ ಮುಗಿಸಿದೆ. ನೋಡಿದವರೆಲ್ಲ ಮೆಚ್ಚಿದರು, ನಾನೂ ಬೀಗಿದೆ.

ಜುಲೈ ಮಧ್ಯದ ಒಂದು ಸಂಜೆ ಯಂತ್ರ ಹಾಕಿದರೆ ಚಿತ್ರ ಪರದೆಯ ಚೌಕಟ್ಟಿನಲ್ಲಿ ನಿಂತಿರಲಿಲ್ಲ. ಅದರ ಮೇಲಂಚು ಎರಡೂವರೆ ಸೆಂಟಿಮೀಟರಿನಷ್ಟು ಇಳಿದಿತ್ತು, ಕೆಳಗಿನ ಅಂಚು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಯಂತ್ರ ಕೆಟ್ಟಿತೆಂದೇ ಎರಡು ದಿನ ಕೊರಗಿದೆ. ಬಳಿಕ ಮೇಲ್ಹಲಗೆಗೆ ಅಡ್ಡಲಾಗಿ ಉಕ್ಕಿನ ಅಳತೆಪಟ್ಟಿಯನ್ನು ನಿಲ್ಲಿಸಿ ಟಾರ್ಚ್ ಹಿಡಿದು ನೋಡಿದಾಗ ನಡುವೆ ಬೆಳಕು ನುಸುಳುತ್ತಿತ್ತು: ಹಲಗೆ ತಟ್ಟೆಯಂತೆ ತಗ್ಗಿ, ಯಂತ್ರದ ಮುಂಗಾಲುಗಳು ಹಿಂಗಾಲುಗಳಿಗಿಂತ 2 ಮಿ.ಮೀ. ಮೇಲೆ ಬಂದಿದ್ದವು. ಬರಿಗಣ್ಣಿಗೆ ಕಾಣದ ಓರೆ ಅದು. ಆದರೆ ಈ ಪ್ರೊಜೆಕ್ಟರಿನ ಬೆಳಕು ಪರದೆಯ ಮೇಲಂಚನ್ನು ಬಹಳ ಓರೆಯಾಗಿ, ಬಹುತೇಕ ಗೋಡೆಯನ್ನು ಸವರಿಕೊಂಡೇ ಮುಟ್ಟುವುದರಿಂದ ಅಲ್ಲಿ ಪ್ರತಿಯೊಂದು ಮಿಲಿಮೀಟರೂ ಹತ್ತು ಪಟ್ಟಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ರಿಮೋಟಿನ ಕೀಸ್ಟೋನ್ ಸರಿಪಡಿಕೆಯಿಂದ ಚೌಕ ಕೂಡಿಸಬಹುದಿತ್ತಾದರೂ ಅದು ಚಿತ್ರದ ಚುಕ್ಕಿಗಳನ್ನೇ ಹಿಂಡುವುದರಿಂದ ಸ್ಪಷ್ಟತೆ ಹೋಗುತ್ತದೆ. ಮರದ ತಪ್ಪಿಗೆ ಚಿತ್ರವನ್ನು ದಂಡಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ನೆರೆಯ ಆಚಾರಿಗಳನ್ನು ಕರೆದು ತೋರಿಸಿದೆ. ಅವರು ಮೇಲ್ಮೈಯನ್ನು ನೋಡಲೇ ಇಲ್ಲ. ಬಗ್ಗಿ, ಹಲಗೆಯ ಅಡಿಗೆ ಅಂಗೈ ಹಾಕಿ ಸವರಿದರು. "ಅಡಿಗೆ ಪಾಲಿಶ್ ಕೊಟ್ಟಿಲ್ಲವಲ್ಲ ಮಾಸ್ಟ್ರೇ, ಮೇಲೆ ಬಾಗಿಲು ಹಾಕಿ ಕೆಳಗೆ ತೆರೆದಿಟ್ಟ ಹಾಗಾಯಿತು" ಎಂದರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಹಲಗೆಯ ಬರಿಯ ಅಡಿಮೈ ತೇವ ಕುಡಿದು ಅಡ್ಡಕ್ಕೆ ಹಿಗ್ಗಿತ್ತು, ಪಾಲಿಶ್ ಕಂಡ ಮೇಲ್ಮೈ ಹಿಗ್ಗಿರಲಿಲ್ಲ; ಅಂಚುಗಳು ಏಳದೆ ಬೇರೆ ದಾರಿಯಿರಲಿಲ್ಲ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು, ಹಿಗ್ಗುವುದೆಲ್ಲ ನಾರಿಗೆ ಅಡ್ಡಲಾಗಿ.

ಎರಡನೆಯ ಮೇಲ್ಹಲಗೆಗೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಾಳುವ ಮೆರೈನ್ ಪ್ಲೈವುಡ್ ತಂದೆ. ಅದರ ಪದರಗಳ ನಾರು ಒಂದಕ್ಕೊಂದು ಅಡ್ಡ ಇರುವುದರಿಂದ ಒಂದರ ಹಿಗ್ಗನ್ನು ಇನ್ನೊಂದು ತಡೆಯುತ್ತದೆ. 18 ಮಿ.ಮೀ. ದಪ್ಪದ ಎರಡು ಹಾಳೆಗಳನ್ನು ಅಂಟಿಸಿ, ಸುತ್ತಲೂ ಹಲಸಿನ ಪಟ್ಟಿ ಕಟ್ಟಿ, ಎರಡೂ ಮೈಗೆ ಸಮನಾಗಿ ಮೂರು ಕೈ ಪಾಲಿಶ್ ಕೊಟ್ಟೆ. ಯಂತ್ರವನ್ನು ಕೂದಲೆಳೆಯಷ್ಟು ಸರಿಸುತ್ತಾ ಚಿತ್ರ ಚೌಕಟ್ಟಿಗೆ ಸರಿಯಾಗಿ ಕೂತ ಮೇಲೆ ನಾಲ್ಕು ಕಾಲುಗಳ ಸುತ್ತ ಪೆನ್ಸಿಲ್ ಗೆರೆ ಎಳೆದು, ಆ ವೃತ್ತಗಳನ್ನು ಉಳಿಯಿಂದ ಒಂದೂವರೆ ಮಿಲಿಮೀಟರ್ ಆಳಕ್ಕೆ, ನಾಲ್ಕೂ ಒಂದೇ ಮಟ್ಟಕ್ಕೆ ಬರುವಂತೆ ಕೆತ್ತಿದೆ. ಈಗ ಧೂಳು ಒರೆಸಲೆಂದು ಎತ್ತಿಟ್ಟರೂ ಯಂತ್ರ ತನ್ನ ಕುಳಿಗೇ ಮರಳುತ್ತದೆ.

ಬಾಗಿಲುಗಳು ಹಲಸಿನವೇ, ಚೌಕಟ್ಟಿನಲ್ಲಿ ಕೊರೆದ ಕಾಡಿಯಲ್ಲಿ ತೆಳುಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸಿದ್ದರಿಂದ ಮಳೆಗಾಲದಲ್ಲಿ ಹಿಗ್ಗಲು ಜಾಗವಿದೆ. ಆದರೆ ಯಕ್ಷಗಾನದ ಧ್ವನಿಮುದ್ರಣ ಹಾಕಿದೊಡನೆ ಮದ್ದಳೆಯ ಎಡಮೈ ಹೊಡೆತಕ್ಕೆ ಈ ಹಲಗೆಗಳು ಗಿರಗಿರ ನಡುಗತೊಡಗಿದವು. ಮೃದಂಗಕ್ಕೂ ವೀಣೆಗೂ ಹಲಸನ್ನೇ ಆರಿಸುವವರಿಗೆ ಇದು ಹೊಸತಲ್ಲ. ಕಾಡಿಯೊಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ತುರುಕಿದ ಮೇಲೆ ಸದ್ದಡಗಿತು. ತಗ್ಗು ಸ್ವರಗಳ ಸ್ಪೀಕರಾದ ಸಬ್‌ವೂಫರನ್ನು ಕಪಾಟಿನಿಂದ ಹೊರಗೆ ನೆಲಕ್ಕಿಳಿಸಿದೆ. ಅದು ಒಳಗಿದ್ದರೆ ಕಪಾಟಿನ ಜೊತೆ ಚಿತ್ರವೂ ನಡುಗುತ್ತದೆ. ನಡುವಣ ಸ್ಪೀಕರಿನ ಬಾಗಿಲಿಗೆ ಮರದ ಬದಲು ತೆಳುವಾದ ಕೈಮಗ್ಗದ ಹತ್ತಿಬಟ್ಟೆ ಬಿಗಿದಿದ್ದೇನೆ. ಊದಿದರೆ ಉಸಿರು ಆಚೆ ಹೋಗುವ ಬಟ್ಟೆಯಲ್ಲಿ ಧ್ವನಿಗೂ ಅಡ್ಡಿಯಿಲ್ಲ.

ಆಂಪ್ಲಿಫೈಯರಿನ ಬಿಸಿ ಹೊರಹೋಗಲು ಕೆಳಗೆ ಮುಂದಿನಿಂದ ಗಾಳಿ ಬಂದು ಹಿಂದೆ ಮೇಲಿನಿಂದ ಹೋಗುವಂತೆ ಸೀಳುಗಳನ್ನು ಬಿಟ್ಟಿದ್ದೇನೆ. ಮಳೆಗಾಲದಲ್ಲಿ ಒಳಗೆ ಬೂಷ್ಟು ಹಿಡಿಯದಿರುವುದಕ್ಕೂ ಅದೇ ಆಧಾರ. ತಿರುಪು, ಕೀಲುಗಳೆಲ್ಲ ಸ್ಟೇನ್‌ಲೆಸ್. ಕಡಲ ಗಾಳಿಗೆ ಸಾದಾ ಕಬ್ಬಿಣ ತಾಳುವುದಿಲ್ಲ.

ಬೆನ್ನುಹಲಗೆಯ ತೂತಿನಲ್ಲಿ ಮಾತ್ರ ಇನ್ನೊಮ್ಮೆ ಮುಗ್ಗರಿಸಿದೆ. ತಂತಿಯ ದಪ್ಪ ನೋಡಿ ಕೊರೆದಿದ್ದೆ, ಪ್ಲಗ್ಗಿನ ದಪ್ಪ ನೋಡಿರಲಿಲ್ಲ. ಮೇ ತಿಂಗಳ ಗುಡುಗಿಗೆ ಹೆದರಿ ಎಲ್ಲವನ್ನೂ ಬಿಚ್ಚಿ ಹೊರಗೆಳೆಯಲು ಹೋದ ದಿನ ಅದು ಗೊತ್ತಾಯಿತು. ಮೇಣದ ಬತ್ತಿಯ ಬೆಳಕಿನಲ್ಲಿ ಕೂತು ಪ್ಲಗ್ಗಿನ ತಿರುಪು ಬಿಚ್ಚಿದೆ.