ಸೋಡಚೀಟಿ, ಹಂಡೆ ಮತ್ತು ಆರು ತಿಂಗಳು

"ನೂರ್ ರೂಪಾಯಿ ಬಾಂಡ್ ಮ್ಯಾಲ ಸೋಡಚೀಟಿ ಬರಸ್ರಿ, ಇಬ್ಬರೂ ಸಹಿ ಮಾಡ್ರಿ, ಮುಗೀತು" ಅಂದವರು ನಮ್ಮ ಕಾಕಾ, ನಾನೂ ಗಂಡನೂ ವಿಚ್ಛೇದನ ಪಡೆಯಲು ಹೊರಟಾಗ. ಸೋಡಚೀಟಿ ಅಂದರೆ ಗಂಡ ಹೆಂಡತಿ ಬೇರೆಯಾದೆವೆಂದು ಬರೆದುಕೊಳ್ಳುವ ಕಾಗದ. ಹಾಗೆ ಬರೆಸಿಕೊಂಡು ಇನ್ನೊಂದು ಮದುವೆಯಾದವರನ್ನೂ ನಾನು ಕಂಡಿದ್ದೇನೆ. ಕಲಬುರಗಿಯ ವಕೀಲ ಮೇಡಂ ಮಾತ್ರ ಒಪ್ಪಲಿಲ್ಲ. ನಿಮ್ಮ ಸಮುದಾಯದಲ್ಲಿ ಅಂಥ ರೂಢಿ ಇದೆ ಎಂದು ಸಾಬೀತಾಗದಿದ್ದರೆ, ನೋಟರಿ ಮುದ್ರೆ ಬಿದ್ದರೂ ಅದು ಬರೀ ಕಾಗದ ಅಂದರು.

ಅದಕ್ಕೂ ಮೊದಲು ಕಂಡ ವಕೀಲರೊಬ್ಬರು ಕ್ರೌರ್ಯದ ಕೇಸ್ ಹಾಕೋಣ ಅಂದಿದ್ದರು. ನನ್ನ ಗಂಡ ಹೊಡೆದವನಲ್ಲ, ಬೈದವನೂ ಅಲ್ಲ. ನಮ್ಮಿಬ್ಬರ ನಡುವೆ ಮಾತೇ ಉಳಿದಿರಲಿಲ್ಲ, ಅಷ್ಟೆ. ಇಲ್ಲದ್ದನ್ನು ಬರೆಸಲು ಮನಸ್ಸಾಗಲಿಲ್ಲ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಂ ನಮ್ಮಂಥವರಿಗಾಗಿಯೇ ಇದೆ. ಒಂದು ವರ್ಷವಾದರೂ ಬೇರೆ ಇರಬೇಕು, ಕೂಡಿ ಬಾಳಲು ಆಗಿರಬಾರದು, ಬಿಡಲು ಇಬ್ಬರೂ ಒಪ್ಪಿರಬೇಕು. ತಪ್ಪು ಯಾರದೆಂಬ ಪ್ರಶ್ನೆಯೇ ಬರುವುದಿಲ್ಲ.

ಮದುವೆಯಾದದ್ದು ಬೀದರಿನಲ್ಲಿ, ಕೊನೆಗೆ ಕೂಡಿ ಇದ್ದದ್ದು ಕಲಬುರಗಿಯಲ್ಲಿ. ಎರಡರಲ್ಲಿ ಯಾವ ಕಡೆಯಾದರೂ ಅರ್ಜಿ ಹಾಕಬಹುದಿತ್ತು. ಕಲಬುರಗಿಯ ಕೌಟುಂಬಿಕ ನ್ಯಾಯಾಲಯವೇ ಸಲೀಸು ಅನ್ನಿಸಿತು. ಮದುವೆ ನೋಂದಣಿ ಮಾಡಿಸಿರಲಿಲ್ಲ, ಲಗ್ನಪತ್ರಿಕೆ ಮತ್ತು ಫೋಟೊ ಇಟ್ಟೆವು.

ಹೆಚ್ಚು ದಿನ ಹಿಡಿದದ್ದು ಒಪ್ಪಂದ ಬರೆಯುವುದಕ್ಕೆ. "ಲೆಕ್ಕ ಚುಕ್ತಾ ಆಗಿದೆ" ಅಂತ ಒಂದು ಸಾಲು ಸಾಕು ಅಂದುಕೊಂಡಿದ್ದೆ. ಮೇಡಂ ಬಿಡಲಿಲ್ಲ. ನಾಲ್ಕು ತೊಲ ಬಂಗಾರ, ಅಲಮಾರಿ, ಅವ್ವ ಕೊಟ್ಟ ಎರಡು ಹಿತ್ತಾಳೆ ಕೊಡ, ಒಂದು ತಾಮ್ರದ ಹಂಡೆ, ಎಲ್ಲ ಬರೆಸಿದರು. ಹಂಡೆ ಸಿಗವಲ್ದು ಅಂದರು ಗಂಡನ ಮನೆಯವರು. ಎರಡು ವಾರ ಸಹಿ ನಿಂತಿತು. ಕೊನೆಗದು ಮಾಳಿಗೆ ಮೇಲೆ ಜೋಳದ ಚೀಲದ ಹಿಂದೆ ಇತ್ತು, ಒಳಗೆ ಹಳೇ ಚಪ್ಪಲಿ ತುಂಬಿಕೊಂಡು! ಒಂದೇ ಗಂಟಾಗಿ ಕೊಡುವ ಜೀವನಾಂಶದಲ್ಲಿ ಅರ್ಧ ಕೋರ್ಟಿನಲ್ಲಿ ಮೊದಲ ಹೇಳಿಕೆ ಕೊಡುವ ದಿನ, ಇನ್ನರ್ಧ ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಆಗುವ ದಿನ ಡಿಡಿಯಲ್ಲಿ ಎಂದು ಬರೆದೆವು. ಡಿಕ್ರಿ ಆಗುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆಯಬಹುದು. ಪೂರ್ತಿ ಕೊಟ್ಟು ಕೂರಲು ಅವರಿಗೂ ಧೈರ್ಯವಿರಲಿಲ್ಲ, ಪೂರ್ತಿ ಬಾಕಿ ಬಿಡಲು ನನಗೂ.

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಹದಿನೆಂಟು ತಿಂಗಳೊಳಗೆ ಮತ್ತೆ ಇಬ್ಬರೂ ಹಾಜರಾಗಿ ಕೇಳಬೇಕು. ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಅಂತ ಎಲ್ಲೋ ಓದಿ ಮೇಡಂಗೆ ಗಂಟುಬಿದ್ದೆ. ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕೆಂಬ ಷರತ್ತೂ ಆ ತೀರ್ಪಿನಲ್ಲೇ ಇದೆ ಅಂದರು. ನಮ್ಮದು ಹದಿನಾಲ್ಕೇ ತಿಂಗಳು. ಕಾದೆವು.

ಎರಡನೇ ಸಲ ನ್ಯಾಯಾಧೀಶರು, "ಯಾರಾದ್ರೂ ಒತ್ತಾಯ ಮಾಡ್ಯಾರೇನಮ್ಮ?" ಅಂದರು. "ಇಲ್ರಿ" ಅಂದೆ. ಅವನನ್ನೂ ಕೇಳಿದರು. ಹತ್ತು ನಿಮಿಷವೂ ಆಗಲಿಲ್ಲ.

ದೃಢೀಕೃತ ಪ್ರತಿ ಮೂರು ತೆಗೆಸಿದೆ. ಒಂದು ಬ್ಯಾಂಕಿಗೆ, ಒಂದು ರೇಷನ್ ಕಾರ್ಡಿಗೆ ಹೋಯಿತು. ಮೂರನೆಯದನ್ನು ಕಾಕಾ ಚಾಳೀಸು ಹಾಕಿಕೊಂಡು ಹಿಂದೆ ಮುಂದೆ ಹೊರಳಿಸಿ ನೋಡಿ, "ಇದರಾಗ ಬಾಂಡ್ ಎಲ್ಲದ?" ಅಂದರು.